ಹದಿನೇಳು ಗೂಟ

ನವೆಂಬರ್. ಈರಿ ಸರೋವರದ ಮೇಲಿಂದ ಬೀಸುವ ಗಾಳಿಗೆ
ಮೂಗು, ಕಿವಿ ಯಾವುದೂ ನನ್ನವಲ್ಲ.
ಪಾರ್ಕಿಗೆ ಬೀಗ ಬಿದ್ದು ಹತ್ತೊಂಬತ್ತು ದಿನ.
ಬೇಲಿಯಾಚೆ ಲೊರೇನ್ ಕುಬಿಯಾಕ್
ಮಡಚುವ ಕುರ್ಚಿ ಬಿಚ್ಚಿ ಗೂಟ ಹೊಡೆದುಕೊಂಡು ಕೂತಿದ್ದಾಳೆ,
ಕೊರಳಲ್ಲಿ ದುರ್ಬೀನು, ತೊಡೆಯ ಮೇಲೆ ನೋಟುಬುಕ್ಕು.
ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು;
ತಿರುವು ಅಂದರೇನೆಂದು
ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಳೆಯ ಮಿನಿ ಗಾಲ್ಫ್ ಇದ್ದ ಜಾಗದಲ್ಲಿ
ನೆಲಕ್ಕೆ ಹೊಡೆದ ನಿಜವಾದ ಗೂಟ ಹದಿನೇಳು,
ಒಂದೊಂದರ ನೆತ್ತಿಗೂ ಗುಲಾಬಿ ರಿಬ್ಬನ್ನು.
ಅಷ್ಟೇ.
ಅಷ್ಟು ಸಾಕು.

"ಎರಡಕ್ಕೂ ಮೂರಕ್ಕೂ ನಡುವೆ ನಲವತ್ತು ಹೆಜ್ಜೆ," ಅನ್ನುತ್ತಾಳೆ,
"ಅಲ್ಲೇ ಇಳಿಜಾರು. ಆಮೇಲೆ ನೀರಿನ ಮೇಲೊಂದು ಸುತ್ತು,
ತಲೆ ಕೆಳಗಾಗಿ. ಸ್ವಿಸ್ ಕಂಪನಿಯದೇ,
ಬೇರೆಯವರು ಹೀಗೆ ಗೂಟ ಹೊಡೆಯುವುದಿಲ್ಲ."
ಟೊಲೀಡೊದಿಂದ ಎರಡು ಬಸ್ಸು ಬದಲಿಸಿ ಬಂದ ಹುಡುಗ ಒರಾಯನ್
ಒಪ್ಪುವುದಿಲ್ಲ. "ಮರದ್ದು. ಬರೆದುಕೋ, ಮರದ್ದೇ.
ಕೌಂಟಿ ಕಚೇರಿಯಲ್ಲಿ ಅರ್ಜಿ ನೋಡಿ ಬಂದೆ,
ಎತ್ತರದ ಕಾಲಂ ಖಾಲಿ ಬಿಟ್ಟಿದ್ದಾರೆ.
ಗಿಡ್ಡದಾಗಿದ್ದರೆ ಯಾಕೆ ಬಚ್ಚಿಡುತ್ತಿದ್ದರು?"
ಕೈಗವಸು ತೆಗೆದು ಗಾಳಿಯಲ್ಲಿ ಹಳಿ ಎಳೆಯುತ್ತಾನೆ.
ಅವನ ಬೆರಳು ಮೇಲೇರಿ, ಒಂದು ಕ್ಷಣ ನಿಂತು, ಧುಮುಕಿದಾಗ
ನನ್ನ ಹೊಟ್ಟೆಯಲ್ಲಿ ಏನೋ ಜಾರುತ್ತದೆ.

ನಾನು ಬೇಲಿಯ ಈಚೆಯವನು. ನನ್ನ ಕೆಲಸ ತಲೆ ಎಣಿಸುವುದು.
ಬೇಸಿಗೆಯಲ್ಲಿ ಗೇಟಿನ ಕಬ್ಬಿಣದ ತೋಳು ತಿರುಗಿದಷ್ಟೂ ಸಲ
ಒಂದೊಂದು ತಲೆ.
ಚಳಿಗಾಲದಲ್ಲಿ ಆ ತಲೆಗಳನ್ನೆಲ್ಲ
ಕಾಗದದ ಮೇಲೆ ಸಾಲಾಗಿ ಮಲಗಿಸುವುದು.
ಈ ವರ್ಷ ತಲೆ ನೂರಕ್ಕೆ ಆರು ಕಡಿಮೆ,
ತಲೆಗಿಷ್ಟು ಎಂಬ ಖರ್ಚು ನೂರಕ್ಕೆ ನಾಲ್ಕು ಜಾಸ್ತಿ.
ಕಡಿಮೆ ಜನ ಬಂದರು, ಬಂದವರ ಜೇಬು ಹೆಚ್ಚು ಹಗುರಾಯಿತು.
ನಿಂಬೆ ಶರಬತ್ತಿಗೆ ಒಂಬತ್ತು ಡಾಲರ್; ಐಸು ಧಾರಾಳ.
ಡೆನ್ವರಿನ ಹೆಡ್ಡಾಫೀಸು ಇದನ್ನು
'ಉತ್ತೇಜಕ' ಎಂದು ಬರೆಯಿತು,
ಜುಲೈಯ ಹನ್ನೊಂದು ದಿನದ ಮಳೆಯನ್ನು
ಅಡಿಟಿಪ್ಪಣಿಯಲ್ಲಿ ಸುರಿಸಿ ಕೈತೊಳೆಯಿತು.

ಗೂಟ ಯಾಕೆಂದು ನನಗೆ ಗೊತ್ತು.
ಆ ಮೂರೂವರೆ ಎಕರೆ ಮಾರಿದ್ದಾಗಿದೆ.
ಬರುವುದು ತಗಡಿನ ಶೆಡ್ಡು, ನಾಲ್ಕು.
ಚಳಿಗಾಲಕ್ಕೆ ಊರವರ ದೋಣಿಗಳನ್ನು
ಟಾರ್ಪಾಲು ಹೊದಿಸಿ ಬಾಡಿಗೆಗೆ ಮಲಗಿಸಲು.
ಅಲುಗದ ದೋಣಿಗಳು. ಒಂದಿಂಚೂ ಅಲುಗದವು.
ಬಾಯಿ ಬಿಡೆನೆಂದು ಸಹಿ ಹಾಕಿದ್ದೇನೆ.

ಲೊರೇನಳ ನೋಟುಬುಕ್ಕು ಒಮ್ಮೆ ನೋಡಿದ್ದೆ:
ಹನ್ನೆರಡು ವರ್ಷ, ಹನ್ನೆರಡು ಊಹೆ,
ಸರಿಯಾದದ್ದು ಒಂದೇ.
ಅದೂ ಶೌಚಾಲಯ.
ತಪ್ಪಿದ ಹನ್ನೊಂದು ಪುಟದಲ್ಲಿರುವ ಪಾರ್ಕು
ನಾನು ಲೆಕ್ಕ ಬರೆಯುವ ಪಾರ್ಕಿಗಿಂತ ಎಷ್ಟೋ ದೊಡ್ಡದು;
ಅಲ್ಲಿ ಹಳಿಗಳು ಸರೋವರದ ಕೆಳಗೆ ಹೊಕ್ಕು
ಕೆನಡಾದ ಕಡೆ ಉಸಿರೆಳೆಯಲು ಏಳುತ್ತವೆ.

ಇವತ್ತು ತಡೆಯಲಾಗಲಿಲ್ಲ. ಬೇಲಿಯ ಹತ್ತಿರ ಹೋದೆ.
ಗಂಟಲು ಸರಿಮಾಡಿಕೊಂಡೆ.
ಅವಳು ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಸುರಿದು
ತಂತಿಯ ಸಂದಿಯಲ್ಲಿ ತೂರಿಸಿದಳು.
"ಕುಡಿ, ಹಲಾಸ್. ಏನೂ ಹೇಳಬೇಡ.
ಸರ್ವೆಯವರ ವ್ಯಾನಿನ ಮೇಲೆ ಬರೆದದ್ದು
ನನಗೂ ಓದಲು ಬರುತ್ತದೆ."
ಆಮೇಲೆ ಹುಡುಗನ ಕಡೆ ತಿರುಗಿ, ಜೋರಾಗಿ,
"ಸರಿ, ಮರದ್ದೇ ಅಂದುಕೋ. ಮೊದಲ ಇಳಿಜಾರು ಎಷ್ಟು ಅಡಿ?"

ಅವರಿಬ್ಬರೂ ಹೋದರು. ಐದಕ್ಕೇ ಕತ್ತಲು.
ಟಾರ್ಚು ಹಿಡಿದು ಗೂಟಗಳ ನಡುವೆ ನಡೆದೆ,
ಎರಡರಿಂದ ಮೂರರವರೆಗೆ,
ಬೇಸಿಗೆಯಲ್ಲಿ ತಲೆ ಎಣಿಸುವಷ್ಟೇ ಎಚ್ಚರದಿಂದ.
ನಲವತ್ತಲ್ಲ. ಮೂವತ್ತೆಂಟು.
ನಾಳೆ ಅವಳು ಬಂದ ಕೂಡಲೇ ಹೇಳಬೇಕು:
ಇಳಿಜಾರು ಇನ್ನೂ ಕಡಿದಾಗುತ್ತದೆ.